ಕುರ್ಚಿಗೆ ಕಾಲು ಕೂರಿಸಿದವನು

ಆ ಫೋಟೋ ಸ್ಟುಡಿಯೋದ ಯಜಮಾನನಿಗೆ ಎರಡನ್ನು ಕಂಡರಾಗದು: ಮುಖದ ಮೇಲಿನ ಕಲೆ, ಬಿಡುವಿನ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದ ಹೆಂಡತಿ. ಕಲೆಯನ್ನಾದರೆ ಕಂಪ್ಯೂಟರಿನಲ್ಲಿ ಅಳಿಸುತ್ತಿದ್ದ. ಮುಚ್ಚಿದ ಕಣ್ಣು ತೆರೆಸುವುದು, ಬಿದ್ದ ಹಲ್ಲು ಕೂರಿಸುವುದು, ಹರಕು ಅಂಗಿಗೆ ಕೋಟು ತೊಡಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಹೆಂಡತಿಗೆ ಮಾತ್ರ ಅವನಲ್ಲಿ ಮದ್ದಿರಲಿಲ್ಲ.

ಗಿರಾಕಿಗಳ ಪಾಸ್‌ಪೋರ್ಟ್ ಫೋಟೋ ತೆಗೆಯುವವಳು ಅವಳೇ. ಕೈ ಖಾಲಿಯಾಯಿತೋ, ಸೌಟು, ಬಾಚಣಿಗೆ, ಸೋರುವ ನಲ್ಲಿಯ ಮುಂದೆ ಮಂಡಿಯೂರುತ್ತಿದ್ದಳು. ಅವಳ ಚಿತ್ರದಲ್ಲಿ ಬಾಚಣಿಗೆ ಬಾಗಿಲಿಲ್ಲದ ಬೇಲಿಯಾಗುತ್ತಿತ್ತು; ಸೌಟಿನ ಹೊಟ್ಟೆಯಲ್ಲಿ ಇಡೀ ಅಡುಗೆಮನೆ ತಲೆಕೆಳಗಾಗಿ ನೇತಾಡುತ್ತಿತ್ತು.

"ಸೌಟಿಗೂ ಪಾಸ್‌ಪೋರ್ಟ್ ಮಾಡಿಸ್ತೀಯಾ? ಯಾವ ದೇಶಕ್ಕೆ ಕಳಿಸ್ತೀಯೇ?" ಎಂದು ಗಿರಾಕಿಗಳ ಎದುರೇ ಹಂಗಿಸಿ ನಗುತ್ತಿದ್ದ. ಆ ನಗುವನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು, ಅವನನ್ನು ಕಂಡರೂ.

ಒಂದು ದಿನ ಅವಳು ನಲ್ಲಿಯ ಹನಿಗೆ ಕಾದು ಕೂತಿದ್ದಾಗ ಗಿರಾಕಿಯೊಬ್ಬ ಬೇಸತ್ತು ಎದ್ದುಹೋದ. ಗಂಡನ ಪಿತ್ತ ನೆತ್ತಿಗೇರಿತು. ಕೈಗೆ ಸಿಕ್ಕ ಮರದ ಕುರ್ಚಿಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಒಂದು ಕಾಲು ಮುರಿಯಿತು.

ಮರುದಿನ ಬೆಳಿಗ್ಗೆ ಆ ಕುಂಟು ಕುರ್ಚಿ ಗೋಡೆಗೆ ಒರಗಿ ನಿಂತಿತ್ತು. ಪಕ್ಕದಲ್ಲೊಂದು ಪೊರಕೆ. ಕಿಟಕಿಯ ಬಿಸಿಲಿಗೆ ಪೊರಕೆಯ ಹಿಡಿಯ ನೆರಳು ಹೋಗಿ, ಕುರ್ಚಿಯ ನೆರಳಿನಲ್ಲಿ ಕಾಲಿಲ್ಲದ ಜಾಗದಲ್ಲೇ ಕೂಡಿಕೊಂಡಿತ್ತು. ನಿಜವಾದ ಕುರ್ಚಿಗೆ ಮೂರು ಕಾಲು, ನೆರಳಿನ ಕುರ್ಚಿಗೆ ನಾಲ್ಕು. ಅವಳು ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದಳು.

ಅವಳು ಈಮೇಲಿನಲ್ಲಿ ಕಳಿಸಿದ ಆ ಚಿತ್ರ ದೊಡ್ಡದೊಂದು ಫೋಟೋ ಪ್ರದರ್ಶನಕ್ಕೆ ಆಯ್ಕೆಯಾಯಿತು. ತನ್ನದೊಂದು ಚಿತ್ರವನ್ನು ನಾಲ್ಕು ಜನ ನಿಂತು ನೋಡಬೇಕೆಂಬುದು ಅವಳ ಬಹುಕಾಲದ ಆಸೆ. ಪ್ರಿಂಟು ಹಾಕಿ ಕಳಿಸುವ ಕೆಲಸವನ್ನು ಗಂಡ ತಾನಾಗಿಯೇ ವಹಿಸಿಕೊಂಡ. ಅವಳು ಸ್ವಲ್ಪ ಕರಗಿದಳು. ಕರಗಬಾರದಾಗಿತ್ತು.

ಪ್ರದರ್ಶನಕ್ಕೆ ಹೋಗಿ ನೋಡಿದರೆ ಅವಳ ಚಿತ್ರ ಗೋಡೆಯಲ್ಲಿರಲಿಲ್ಲ, ಮೂಲೆಯಲ್ಲಿ ಇಟ್ಟಿದ್ದರು. ಕುರ್ಚಿಗೆ ನಾಲ್ಕೂ ಕಾಲು. ಹಿಂದೆ ಬರೀ ಬಿಳಿ. ನೆರಳೂ ಇಲ್ಲ, ಪೊರಕೆಯೂ ಇಲ್ಲ.

"ನಾವು ಆರಿಸಿದ್ದು ಇದಲ್ಲವಲ್ಲಮ್ಮ," ಎಂದಳು ಪ್ರದರ್ಶನ ನಡೆಸುವಾಕೆ. "ಇದು ಕುರ್ಚಿ ಅಂಗಡಿಯ ಜಾಹೀರಾತು."

ಸ್ಟುಡಿಯೋಗೆ ಬಂದವಳೇ ಕೇಳಿದಳು, "ಯಾಕ್ರೀ ಹೀಗೆ ಮಾಡಿದ್ರಿ?"

"ಟಚಪ್ ಮಾಡ್ದೆ. ಅದು ನನ್ನ ಕೆಲಸ."

"ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

ಅವನಿಗೆ ತಡೆಯಲಾಗಲಿಲ್ಲ. "ನಾನು ಮುರಿದಿದ್ದನ್ನ ಗೋಡೆಗೆ ಹಾಕಿ ಊರಿಗೆಲ್ಲ ತೋರಿಸ್ತೀಯಾ?"

ಅಂದರೆ ಇವನಿಗೆ ಚಿತ್ರ ಅರ್ಥವಾಗಿತ್ತು! ಇಷ್ಟು ವರ್ಷ ಅವಳ ಚಿತ್ರಗಳನ್ನು ನೋಡಿ ನಕ್ಕವನು ಇದೊಂದನ್ನು ನೋಡಿ ಹೆದರಿದ್ದ. ಅವಳಿಗೆ ಸಿಟ್ಟಿನ ನಡುವೆಯೂ ಖುಷಿಯಾಯಿತು, ಕೆಟ್ಟ ಖುಷಿ.

ಮರುದಿನ ಅಸಲಿ ಚಿತ್ರವನ್ನು ದೊಡ್ಡದಾಗಿ ಪ್ರಿಂಟು ಹಾಕಿ, ಸ್ಟುಡಿಯೋದ ಮುಂದಿನ ಗಾಜಿನೊಳಗೆ, ಮದುಮಕ್ಕಳ ಫೋಟೋಗಳ ನಡುವೆ ತೂಗುಹಾಕಿದಳು.

"ತೆಗಿ ಅದನ್ನ!" ಎಂದು ಅವನು ಗುಡುಗಿದ.

"ನೀವೇ ತೆಗೀರಿ. ಯಾಕೆ ತೆಗೀತಿದೀರಿ ಅಂತ ಯಾರಾದ್ರೂ ಕೇಳಿದ್ರೆ, ಅದನ್ನೂ ನೀವೇ ಹೇಳಿ."

ಅವನ ಕೈ ಗಾಜಿನ ತನಕ ಹೋಗಿ ನಿಂತಿತು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಚಿತ್ರದ ಮುಂದೆ ನಿಂತ. "ಅರೆ, ಚೆನ್ನಾಗಿದೆಯಲ್ಲ ಸಾರ್! ಕುರ್ಚಿ ಹೇಗೆ ಮುರೀತು?"

ಅವಳು ಕ್ಯಾಮೆರಾ ಕೆಳಗಿಟ್ಟು, ಗಂಡನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದಳು.