ನಾಲ್ಕನೆಯ ಏಟು ಕಾಯುತ್ತದೆ

ಕುರ್ಚಿ ಹಾಕುವ ಹೆಂಗಸು ಬಾರಿಸುತ್ತಿದ್ದ ತಾಳವನ್ನು ಸಂಗೀತ ಸಂಯೋಜಕರೊಬ್ಬರು ಎಂಟು ಗುರುವಾರ ಎದುರಿಗೆ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಒಂದೂವರೆ ವರ್ಷದ ಮೇಲೆ ಅದು ಕ್ಲಾರಿನೆಟ್ಟು ಮತ್ತು ವಾದ್ಯವೃಂದಕ್ಕಾಗಿ ಬರೆದ ಹೊಸ ಕೃತಿಯಾಗಿ ಅಚ್ಚಾಯಿತು. ಕೃತಿಯಲ್ಲಿ ಆ ಹೆಂಗಸಿನ ಹೆಸರಿಲ್ಲ. ಅವರ ನಾಲ್ಕನೆಯ ಏಟನ್ನು ತಿದ್ದಲಾಗಿದೆ.

ಬೆಳಗಿನ ಐದೂವರೆ. ಸಭಾಂಗಣದ ಹಿಂಬಾಗಿಲ ಬೀಗ ತೆಗೆದು, ಚಪ್ಪಲಿ ಕಳಚಿ, ತೋಳು ಮಡಿಸಿಕೊಂಡು ಕೋಲಕ್ಕ ವೇದಿಕೆ ಹತ್ತುತ್ತಾರೆ. ಉರಿಯುತ್ತಿರುವುದು ಒಂದೇ ದೀಪ. ಐವತ್ತೆಂಟು ಕುರ್ಚಿ, ಸ್ವರದ ಹಾಳೆ ಇಡುವ ಮೂವತ್ತೊಂದು ಸ್ಟ್ಯಾಂಡು, ಡಬಲ್ ಬಾಸಿನವರಿಗೆ ನಾಲ್ಕು ಎತ್ತರದ ಸ್ಟೂಲು. ಚೆಲೊದವರಿಗೆ ಕೈಯಿಲ್ಲದ ಕುರ್ಚಿಯೇ ಆಗಬೇಕು, ಇಲ್ಲದಿದ್ದರೆ ಮೊಣಕೈ ತಗಲುತ್ತದೆ. ಎರಡನೇ ಸಾಲಿನ ಹಿರಿಯ ಪಿಟೀಲು ವಾದಕರ ಕುರ್ಚಿಯ ಒಂದು ಕಾಲಿಗೆ ಬಟ್ಟೆ ಸುತ್ತಬೇಕು. ಮರೆತರೆ ಅವರಿಗೆ ಇಡೀ ವೇದಿಕೆಯೇ ಓರೆಯಾಗಿ ಕಾಣುತ್ತದೆ, ತಾಲೀಮು ಮುಗಿಯುವವರೆಗೂ ಗೊಣಗಾಟ. ಒಂದೊಂದು ಕೈಯಲ್ಲಿ ಎರಡೆರಡು ಕುರ್ಚಿ ಹಿಡಿದು ಓಡಾಡುವ ಕೋಲಕ್ಕನಿಗೆ ಈಗ ಐವತ್ತೇಳು. ಏಳು ಗಂಟೆಗೆ ಕೊನೆಯ ತಾಲೀಮು. ಸಂಜೆ ಆರೂವರೆಗೆ ಹೊಸ ಕೃತಿಯ ಮೊದಲ ಪ್ರದರ್ಶನ.

ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ, ದೊಡ್ಡ ಡ್ರಮ್ಮುಗಳ ಮಗ್ಗುಲಿಗೆ, ಇನ್ನೊಂದು ಕುರ್ಚಿ ಹಾಕುತ್ತಾರೆ. ಅದು ಅವರದು.

"ಹತ್ತೊಂಬತ್ತು ವರ್ಷದಿಂದ ಕಂಡೋರಿಗೆಲ್ಲ ಕುರ್ಚಿ ಹಾಕಿದೀನಿ. ಮೂರು ವಾರದ ಹಿಂದೆ ನನಗೂ ಒಂದು ಹಾಕ್ಕೊಂಡೆ. ಮೊದಲ ದಿನ ಕೂರೋಕೇ ಬರಲಿಲ್ಲ ಅಂತೀನಿ! ತುದೀಲಿ ಕೂತೆ, ಜಾರಿ ಕೆಳಗೆ ಬಿದ್ದೆ. ಡ್ರಮ್ಮಿನೋರು ಅದೂ ತಾಳದಲ್ಲಿದೆಯಾ ಅಂತ ಕೇಳಿದ್ರು."

ಕೋಲಕ್ಕ ಎಂದು ಹೆಸರು ಬಂದದ್ದು ಗೇಣುದ್ದದ ಎರಡು ಗಟ್ಟಿ ಮರದ ಕೋಲುಗಳಿಂದ. ಎಡಗೈಯನ್ನು ಬಟ್ಟಲಿನಂತೆ ಬಾಗಿಸಿ ಒಂದನ್ನು ಅದರ ಮೇಲೆ ಸಡಿಲವಾಗಿ ಮಲಗಿಸಬೇಕು, ಇನ್ನೊಂದರಿಂದ ಹೊಡೆಯಬೇಕು. ಬಿಗಿಹಿಡಿದರೆ ಸದ್ದು ಸತ್ತುಹೋಗುತ್ತದೆ. ಮೂರು ಏಟು, ಚಿಕ್ಕದೊಂದು ಮೌನ, ಮತ್ತೆರಡು ಏಟು. ಲ್ಯಾಟಿನ್ ಅಮೆರಿಕದ ಎಷ್ಟೋ ಕುಣಿತಗಳು ಈ ಐದು ಏಟಿನ ಬೆನ್ನ ಮೇಲೆ ನಿಂತಿವೆ. ಕೋಲಕ್ಕನಿಗೆ ಇದನ್ನು ಕಲಿಸಿದವರು ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದ ಒಬ್ಬರು. ಟೈರ್ ಅಂಗಡಿಯ ಮಹಡಿಯ ಮೇಲೆ ಅವರು ಒಂದು ಕುಣಿತದ ಹಾಲ್ ನಡೆಸುತ್ತಿದ್ದರು. ಪ್ರತಿ ಗುರುವಾರ ಸಂಜೆ ನಲವತ್ತು ಜೋಡಿ. ಹೊಲಿಗೆಯವರು, ನರ್ಸುಗಳು, ಲಾರಿ ಓಡಿಸುವವರು, ದಿನವಿಡೀ ನಿಂತೇ ದುಡಿದು ಮತ್ತೆ ನಿಲ್ಲಲು ಬಂದವರು.

"ಎಲ್ಲರೂ ಕೋಲಿನ ಮಾತು ಕೇಳ್ಬೇಕು, ಕೋಲು ಮಾತ್ರ ಯಾರ ಮಾತೂ ಕೇಳ್ಬಾರದು ಅಂತ ಅಡುಗೆಯಣ್ಣ ಹೇಳಿಕೊಟ್ಟಿದ್ರು. ಎರಡು ವರ್ಷ ಹಾಗೇ ಬಾರಿಸ್ದೆ. ಆಮೇಲೆ ಇವರು ಬಂದ್ರು. ಕೆಡಿಸಿಬಿಟ್ರು."

ಇವರು ಎಂದರೆ ಗಂಡ. ಗೋದಾಮಿನಲ್ಲಿ ಹಮಾಲಿಯಾಗಿದ್ದಾಗ ಪೆಟ್ಟಿಗೆ ಬಿದ್ದು ಎಡಗಾಲಿನ ಎರಡು ಬೆರಳು ಹೋದವು. ಕಾಲು ಇಡಬಾರದ ಕಡೆ ಇಟ್ಟಿದ್ದ ಎಂದು ಮಾಲೀಕರು ಬರೆದುಕೊಂಡರು. ಪೆಟ್ಟಿಗೆಯನ್ನು ಇಡಬಾರದ ಕಡೆ ಇಟ್ಟವರು ಯಾರು ಎಂದು ಯಾರೂ ಬರೆದುಕೊಳ್ಳಲಿಲ್ಲ. ಆ ಕಾಲಿನಲ್ಲೇ ಮಹಡಿ ಹತ್ತಿ ಬಂದ ಇಪ್ಪತ್ತಾರರ ಹುಡುಗ ಕುಣಿಯತೊಡಗಿದ. ಮೂರು ಏಟಿನವರೆಗೂ ಸರಿಯಾಗಿಯೇ ಹೆಜ್ಜೆ ಹಾಕುತ್ತಿದ್ದ. ನಾಲ್ಕನೆಯದಕ್ಕೆ ಎಡಗಾಲು ನೆಲ ಮುಟ್ಟಲು ಕೂದಲೆಳೆಯಷ್ಟು ತಡ. ಎರಡು ಗುರುವಾರ ನೋಡಿದ ಕೋಲಕ್ಕ ಮೂರನೆಯ ಗುರುವಾರ ಏಟನ್ನು ತಡೆದು ಹಿಡಿದರು. ಕಾಲು ನೆಲ ಮುಟ್ಟಿತು. ಕೋಲು ಕೋಲಿಗೆ ಮುಟ್ಟಿತು. ಅಂದಿನಿಂದ ಅವರ ನಾಲ್ಕನೆಯ ಏಟು ಕಾಯುತ್ತಲೇ ಇದೆ.

"ನಾನು ಕುಂಟಿದ್ದಕ್ಕೆ ಇಡೀ ಹಾಲೇ ಕುಂಟ್ತಿತ್ತು. ನಲವತ್ತು ಜೋಡಿ! ಹೊಸ ಸ್ಟೈಲು ಅಂದ್ಕೊಂಡಿದ್ರು," ಎಂದು ನಗುತ್ತಾರೆ ಗಂಡ. ಅವರಿಗೀಗ ಅರವತ್ತಮೂರು. ಮೊಣಕಾಲೂ ಕೈಕೊಟ್ಟಿದೆ. ಮನೆಯಲ್ಲೇ ಕೂತು ಬ್ಯಾಗುಗಳಿಗೆ ಜಿಪ್ ಹಾಕಿಕೊಡುತ್ತಾರೆ. ಅಡುಗೆಯಣ್ಣ ತೀರಿಕೊಂಡರು, ಕಳೆದ ವರ್ಷ ಹಾಲ್ ಕೂಡ ಮುಚ್ಚಿತು. ಮಹಡಿಯಲ್ಲೀಗ ಟೈರುಗಳೇ ತುಂಬಿವೆ.

ಇವತ್ತು ನಸುಕಿನಲ್ಲಿ ಗಂಡ ಎದ್ದವರೇ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಾ ನಿಂತಿದ್ದರು.

"ಏನೇ, ಸಂಜೆ ನನಗೆ ಕೊನೇ ಸಾಲಾ?"

"ಕೊನೇದೇ. ಎದ್ದು ಕುಣಿದ್ರೆ ಹೊರಗೆ ಹಾಕೋಕೆ ಬಾಗಿಲು ಹತ್ರ ಇರ್ಲಿ ಅಂತ."

"ನಾಲ್ಕನೇದಕ್ಕೆ ಏನಂದ್ರು?"

"ತಿದ್ಕೋ ಅಂದ್ರು. ನಿನ್ನೆ ಮೂರು ಸಲ."

ಗಂಡ ಇಸ್ತ್ರಿಪೆಟ್ಟಿಗೆಯನ್ನು ಕಾಲರಿನ ಮೇಲೆ ಒತ್ತಿದರು. "ತಿದ್ಕೊಂಡುಬಿಡೇ. ಇಷ್ಟು ವರ್ಷಕ್ಕೆ ಕೂರೋಕೆ ಒಂದು ಜಾಗ ಸಿಕ್ಕಿದೆ. ನನ್ನ ಕಾಲೇನು ಈಗ ಕುಣಿಯುತ್ತಾ?"

"ಕೆಲಸ ನೋಡ್ರೀ, ಕಾಲರ್ ಸುಟ್ಟೀತು," ಎಂದು ಕೋಲಕ್ಕ ಚಹಾದ ಲೋಟ ಅವರ ಕೈಗಿಟ್ಟು ಹೊರಟಿದ್ದರು.

ಕೋಲಕ್ಕನನ್ನು ವೇದಿಕೆಗೆ ಕರೆದದ್ದು ಸಂಯೋಜಕರಲ್ಲ, ಮುಖ್ಯ ಭಾಗ ನುಡಿಸುವ ಕ್ಲಾರಿನೆಟ್ ಹುಡುಗಿ. ಇನ್ನೂ ಇಪ್ಪತ್ತಾರು ತುಂಬದ ಈಕೆ ತಾಲೀಮಿಗೆ ಒಂದು ಗಂಟೆ ಮೊದಲೇ ಬಂದು ಒಬ್ಬಳೇ ಊದುತ್ತಾಳೆ. ಕೃತಿಯ ಕೊನೆಯ ಭಾಗದಲ್ಲಿ ಒಂದೇ ಓಟದ ಉದ್ದನೆಯ ವರಸೆಯೊಂದಿದೆ. ಹತ್ತು ದಿನ ಅದೇ ಜಾಗದಲ್ಲಿ ಮುಗ್ಗರಿಸುತ್ತಿದ್ದಳು. ಒಂದು ಬೆಳಗ್ಗೆ ಕೋಲಕ್ಕ ಕೆಲಸ ಮಾಡುತ್ತಲೇ, ಕೈ ಸುಮ್ಮನಿರದೆ, ಸ್ಟ್ಯಾಂಡಿನ ಕಂಬಿಯ ಮೇಲೆ ಐದು ಏಟು ಬಾರಿಸತೊಡಗಿದರು. ವರಸೆ ತಾನಾಗಿ ದಾಟಿಹೋಯಿತು.

"ಬರೆದ ಹಾಗೆ ಬಾರಿಸಿದ್ರೆ ಉಸಿರು ತಗೊಳ್ಳೋಕೆ ಜಾಗಾನೇ ಇಲ್ಲ. ಕೋಲಕ್ಕ ಬಾರಿಸಿದ್ರೆ ನಾಲ್ಕನೇದಕ್ಕೆ ಮುಂಚೆ ಒಂದು ಗುಟುಕು ಗಾಳಿ ಸಿಗುತ್ತೆ. ಅಷ್ಟು ಸಾಕು ನಂಗೆ," ಎನ್ನುತ್ತಾಳೆ ಹುಡುಗಿ. ಅವಳೇ ವ್ಯವಸ್ಥಾಪಕರ ಬೆನ್ನುಬಿದ್ದು ಒಪ್ಪಿಸಿದಳು. ಕುರ್ಚಿ ಕೆಲಸ ತಪ್ಪಬಾರದು ಎಂಬ ಷರತ್ತು ಬಿತ್ತು. ತಪ್ಪಿಲ್ಲ.

ಸಂಜೆ ಹಂಚುವ ಹಾಳೆಯಲ್ಲಿ 'ದೂರದ ಕಡಲತೀರಗಳ ಕುಣಿತದಿಂದ ಸ್ಫೂರ್ತಿ ಪಡೆದದ್ದು' ಎಂದು ಸಂಯೋಜಕರು ಬರೆದಿದ್ದಾರೆ. ಕೋಲಕ್ಕ ಅದನ್ನು ಬೆರಳಿಟ್ಟು ಓದುತ್ತಾರೆ. "ಟೈರ್ ಅಂಗಡಿ ಮೇಲೆ ಕಡಲು ಎಲ್ಲಿತ್ತೋ, ನನಗಂತೂ ಕಾಣಲಿಲ್ಲ." ಹಾಳೆ ಮಡಿಸುತ್ತಾರೆ. "ಹೆಸರು ಹಾಕದಿದ್ರೆ ಹೋಗ್ಲಿ ಬಿಡಿ. ತಾಳ ನಂದೇನಲ್ಲ. ಅಡುಗೆಯಣ್ಣ ಕೊಟ್ಟಿದ್ದು, ಅವರಿಗೆ ಯಾವ ಬಂದರಲ್ಲಿ ಯಾರು ಕೊಟ್ರೋ. ಆದರೆ ನಾಲ್ಕನೇದು ನಂದು. ಅದನ್ನ ನನಗೆ ಯಾರೂ ಕೊಟ್ಟಿಲ್ಲ."

ಏಳು ಗಂಟೆ. ಕುರ್ಚಿಗಳು ತುಂಬಿವೆ. ವಾದ್ಯವೃಂದದ ನಿರ್ದೇಶಕರು ಎತ್ತರದ ಮಣೆಯ ಮೇಲೆ ನಿಂತಿದ್ದಾರೆ. ಸಂಯೋಜಕರು ಖಾಲಿ ಸಭಾಂಗಣದ ಮೂರನೇ ಸಾಲಿನಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದಾರೆ. ಕೊನೆಯ ಭಾಗ ಶುರುವಾಗುತ್ತದೆ. ಮೂರು ಏಟು. ಮೌನ. ಹುಡುಗಿಯ ಭುಜ ಒಮ್ಮೆ ಏರಿ ಇಳಿಯುತ್ತದೆ. ನಾಲ್ಕನೆಯದು ಬೀಳುತ್ತದೆ. ನಿರ್ದೇಶಕರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸುತ್ತಾರೆ.

"ಮತ್ತೆ ತಡ. ನೋಡೀಮ್ಮಾ, ಇಲ್ಲಿ ಅರವತ್ತು ಜನ ನನ್ನ ಕೈ ನೋಡಿ ನುಡಿಸ್ತಿದ್ದಾರೆ."

ಮೂರನೇ ಸಾಲಿನಿಂದ ಸಂಯೋಜಕರು ಎದ್ದು ನಿಲ್ಲುತ್ತಾರೆ. ಅವರ ದನಿಯಲ್ಲಿ ಕೊಂಕಿಲ್ಲ. "ರೆಕಾರ್ಡಿಂಗಲ್ಲೂ ಪ್ರತಿ ಸಲ ಅದೊಂದು ತಡವಾಗ್ತಿತ್ತು. ಪಾಪ, ಕೈ ಸೋತಿದೆ ಅಂದ್ಕೊಂಡು ಬರೀವಾಗ ಸರಿಮಾಡಿದೆ."

"ಕೈ ಸೋತಿರಲಿಲ್ಲ ಸಾರ್," ಎನ್ನುತ್ತಾರೆ ಕೋಲಕ್ಕ.

"ಸಾರ್, ನನಗೆ ಅದು ಹಾಗೇ ಬೇಕು," ಹುಡುಗಿ ಕ್ಲಾರಿನೆಟ್ ಕೆಳಗಿಳಿಸುತ್ತಾಳೆ.

"ನೀನು ಉಸಿರು ಬೇರೆಲ್ಲಾದ್ರೂ ತಗೋ," ನಿರ್ದೇಶಕರು ಅವಳತ್ತ ತಿರುಗುವುದೇ ಇಲ್ಲ. "ಅಮ್ಮಾ, ಡ್ರಮ್ಮಿನವರ ಹತ್ತಿರವೂ ಒಂದು ಜೊತೆ ಕೋಲಿದೆ. ಸಂಜೆಗೆ ಅವರೇ ಬಾರಿಸಬಹುದು. ಬರೆದ ಜಾಗದಲ್ಲಿ, ಬರೆದ ಹೊತ್ತಿಗೆ ಬಾರಿಸೋಕೆ ನಿಮ್ಮಿಂದ ಆಗುತ್ತೋ ಇಲ್ವೋ? ಈಗಲೇ ಹೇಳಿಬಿಡಿ."

ಪಿಟೀಲಿನವರು ಹಿಂದಿರುಗಿ ನೋಡುತ್ತಾರೆ. ಡ್ರಮ್ಮಿನವರು ನೆಲ ನೋಡುತ್ತಾರೆ. ಕೋಲಕ್ಕ ಎದ್ದು ನಿಲ್ಲುವುದಿಲ್ಲ. ಎಡಗೈ ಬಟ್ಟಲಿನಂತೆಯೇ ಬಾಗಿದೆ, ಕೋಲು ಅದರ ಮೇಲೆ ಸಡಿಲವಾಗಿ ಮಲಗಿದೆ.

"ಆಗುತ್ತೆ ಸಾರ್. ಕಣ್ಣು ಮುಚ್ಕೊಂಡು ಬಾರಿಸಬಲ್ಲೆ," ಎನ್ನುತ್ತಾರೆ ಮೆಲ್ಲಗೆ. "ಆದರೆ ಬಾರಿಸಲ್ಲ."