ಹಳದಿ ಇಳಿದದ್ದನ್ನು ಕಂಡವರು

ರೋಗಿ ಬಾಯಿ ತೆರೆಯುವ ಮೊದಲೇ ಸ್ಕ್ಯಾನ್ ನೋಡಿ ತೀರ್ಮಾನ ಮಾಡುವುದು ನಮ್ಮಂಥ ಸರ್ಜನ್ನರಿಗಿರುವ ಕಾಯಿಲೆ. ನನಗದು ಬಲವಾಗಿಯೇ ಇತ್ತು. ಜೊತೆಗೆ ಮೂಗಿನ ತುದಿಯಲ್ಲೇ ಕೋಪ.

ಕಟ್ಟೆಮಳಲವಾಡಿಯ ಆ ಯಜಮಾನರು ಹೆಂಡತಿಯ ಜೊತೆ ಹುಣಸೂರಿನ ನನ್ನ ಕ್ಲಿನಿಕ್ಕಿಗೆ ಬಂದಾಗ ಕಣ್ಣೆಲ್ಲ ಹಳದಿ, ಮೈತುಂಬ ತುರಿಕೆ. ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ತಲೆಭಾಗ ಊದಿಕೊಂಡು ಪಿತ್ತನಾಳವನ್ನು ಅದುಮಿತ್ತು. ಕ್ಯಾನ್ಸರ್ ಎಂದುಕೊಂಡೆ.

"ಮಧ್ಯ ಒಂದ್ಸಲ ಇಳಿದಿತ್ತು ಸಾಮಿ," ಎಂದರು ಯಜಮಾನರು. "ಪಿರಿಯಾಪಟ್ನದ ಸಂತೇಲಿ ಒಂದು ಪುಡಿ ತಂದಿದ್ದೆ. ತಿಂದ್ಮೇಲೆ ಅಳದಿ ಇಳೀತು. ಪುಡಿ ಮುಗೀತು, ತಿರ್ಗ ಏರ್ತು."

ಪುಡಿ ಎಂದದ್ದೇ ತಡ, ನನಗೆ ರೇಗಿತು. "ಕಂಡಕಂಡ ಪುಡಿ ನೆಕ್ಕಿ ಲಿವರ್ ಹಾಳು ಮಾಡ್ಕೊಂಡು ಬರ್ತೀರಿ, ಆಮೇಲೆ ನಮ್ಮ ಪ್ರಾಣ ತಿಂತೀರಿ! ಇಳಿದಿತ್ತಂತೆ! ನಿಮಗೇನ್ರೀ ಗೊತ್ತಾಗುತ್ತೆ?"

"ಗೊತ್ತಾಯ್ತದೆ ಸಾಮಿ. ಹೊಗೆಸೊಪ್ಪು ಬೇಯ್ಸೋನು ನಾನು. ಎಲೆ ಎಷ್ಟು ಅಳದಿ ಆದ್ರೆ ಬೆಂಕಿ ಏರಿಸ್ಬೇಕು ಅಂತ ನೋಡ್ಕೊಂಡೇ ಕೂದ್ಲು ನರೆತದೆ."

"ಸುಮ್ಕಿರಿ ಅತ್ಲಾಗೆ, ಡಾಕ್ಟ್ರು ಬೈತಾರೆ," ಎಂದು ಹೆಂಡತಿ ಅವರ ತೋಳು ಹಿಡಿದರು. ನಾನು ಫೈಲಿನಲ್ಲಿ ಒಂದು ಸಾಲು ಗೀಚಿದೆ.

ಸೂಜಿ ಹಾಕಿ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಇಲ್ಲವೆಂದೇನೂ ಅಲ್ಲ. ಇಂಥ ಸ್ಕ್ಯಾನ್ ಕೈಯಲ್ಲಿಟ್ಟುಕೊಂಡು ಕಾದು, ಸತ್ತವರನ್ನೂ ನಾನು ನೋಡಿದ್ದೇನೆ. ಆದರೂ ಊತಕ್ಕೆ ಬೇರೆ ಕಾರಣವಿದೆಯೇ ಎಂದು ತಿಳಿಸಬಲ್ಲ ಒಂದು ರಕ್ತಪರೀಕ್ಷೆ ಉಳಿದಿತ್ತು, ಮಾಡಿಸಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೈಸೂರಿನ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಗ್ರಂಥಿಯ ತಲೆ, ಪಿತ್ತಕೋಶ, ಕರುಳಿನ ಒಂದು ತುಂಡು ತೆಗೆದು, ಉಳಿದದ್ದನ್ನು ಜೋಡಿಸಿದೆ. ಕೈಚಳಕಕ್ಕೆ ನಾನೇ ಬೀಗಿದೆ ಕೂಡ.

ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ. ದೇಹ ತನ್ನದೇ ಗ್ರಂಥಿಯ ಮೇಲೆ ತಿರುಗಿಬಿದ್ದು ಬರುವ ಅಪರೂಪದ ಉರಿಯೂತ. ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೇ ಕಾಣುತ್ತದೆ, ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಇಳಿಯುತ್ತದೆ. ಆಗ ಅವರ ಮಾತು ನೆನಪಾಯಿತು. ಪುಡಿ! ಅವರ ಮನೆಯಿಂದ ಪುಡಿಯ ಡಬ್ಬಿ ತರಿಸಿ, ತಳ ಕೆರೆದು ಪರೀಕ್ಷೆಗೆ ಕಳಿಸಿದೆ. ಬೇರಿನ ಪುಡಿಗೆ ಯಾರೋ ಸ್ಟೀರಾಯ್ಡ್ ಬೆರೆಸಿದ್ದರು.

ಗಾಯ ಮಾಗಿದ ಮೇಲೆ ಗಂಡ ಹೆಂಡತಿ ಮತ್ತೆ ಬಂದರು. ಗ್ರಂಥಿ ಕತ್ತರಿಸಿದ್ದರಿಂದ ಯಜಮಾನರಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು, ಅರ್ಧ ಮುದ್ದೆಯೂ ಸೇರುತ್ತಿರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

"ಅಂಗಾರೆ ಒಟ್ಟೆ ಕುಯ್ಯದೇನೇ ವಾಸಿ ಆಯ್ತಿತ್ತಾ?"

"ಕುಯ್ಯದೇ ವಾಸಿ ಆಗ್ತಿತ್ತು ಅನ್ಸುತ್ತೆ, ಯಜಮಾನ್ರೆ."

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡರು. ಯಜಮಾನರು ನನ್ನನ್ನೇ ನೋಡುತ್ತಿದ್ದರು. "ನಾ ಯೋಳಿದ್ನಲ್ಲ ಸಾಮಿ, ಇಳಿದಿತ್ತು ಅಂತ. ಬರ್ಕೊಂಡಿದ್ರಾ?"

ಫೈಲು ತೆರೆದೆ. ನಾಟಿ ಔಷಧಿ ತಿಂದಿದ್ದಾರೆ ಎಂದು ನನ್ನದೇ ಅಕ್ಷರದಲ್ಲಿತ್ತು, ಅದರ ಕೆಳಗೆ ಒತ್ತಿ ಎಳೆದ ಎರಡು ಗೆರೆ. ಹಳದಿ ಇಳಿದ ಮಾತು ಎಲ್ಲೂ ಇರಲಿಲ್ಲ.

"ಈಗ್ಲಾದ್ರೂ ಬರ್ಕೊಳಿ," ಎಂದರು. "ನನ್ನಂಗೆ ಇನ್ನೊಬ್ಬ ಬತ್ತಾನೆ. ಅವ್ನಿಗೂ ಬಾಯಿ ಮುಚ್ಚಿಸ್ಬ್ಯಾಡಿ."

ಅವರು ಮೊದಲಿನಿಂದ ಹೇಳಿದರು. ನಾನು ಬರೆದುಕೊಂಡೆ.