ಡ್ರಮ್ಸ್ ಇಲ್ಲದ ಹಾಡು

“ಡ್ರಮ್ಸ್ ಎಲ್ಲಿ ಗುರು? ನಮ್ ಹಾಡನ್ನ ಹಾಳು ಮಾಡ್ಬಿಟ್ರಲ್ಲ!” ಎಂದು ಪಕ್ಕದ ಸೀಟಿನವರು ಎದ್ದು ನಿಂತು ವೇದಿಕೆಯತ್ತ ಕೂಗಿದರು. ಹಲಸೂರಿನ ಸಭಾಂಗಣವೊಂದರಲ್ಲಿ, ಕಾಲೇಜು ದಿನಗಳಲ್ಲಿ ನಾವೆಲ್ಲ ಮೆಚ್ಚಿಕೊಂಡಿದ್ದ ರಾಕ್ ಬ್ಯಾಂಡ್ ತನ್ನ ಹಳೆಯ ಹಾಡುಗಳನ್ನು ಪಿಟೀಲು, ಕೊಳಲುಗಳ ದೊಡ್ಡ ವಾದ್ಯವೃಂದದೊಂದಿಗೆ ಹೊಸದಾಗಿ ನುಡಿಸುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಬೇಸರವಾಗಿತ್ತು. ಕುಣಿಯಲೆಂದೇ ಬಂದವಳು ಕೈಕಟ್ಟಿ ಕುಳಿತಿದ್ದೆ.

ಗಾಯಕ ಹಾಡು ನಿಲ್ಲಿಸಿ, ವೇದಿಕೆಯ ಅಂಚಿನಲ್ಲಿ ಗಾಲಿಕುರ್ಚಿಯಲ್ಲಿದ್ದವರತ್ತ ಕೈ ತೋರಿದರು. ಅವರು ಬ್ಯಾಂಡಿನ ಡ್ರಮ್ಮರ್ ಎಂಬುದು ನನಗೆ ಆಗಲೇ ಗೊತ್ತಾಗಿದ್ದು.

“ಇವನಿಗೆ ಸ್ಟ್ರೋಕ್ ಆಗಿ ಬಲಗೈ ಏಳ್ತಿಲ್ಲ. ಆ ಜಾಗದಲ್ಲಿ ಬೇರೆಯವರನ್ನ ಕೂರ್ಸೋಕೆ ನಮಗೆ ಮನಸ್ಸಾಗ್ಲಿಲ್ಲ. ಈ ಪಿಟೀಲಿನ ಭಾಗ ಎಲ್ಲಾ ಇವನೇ ಮಲಗಿದ್ದಲ್ಲೇ ಗುನುಗಿ ಗುನುಗಿ ಬರೆಸಿದ್ದು” ಎಂದರು.

ಹಾಡು ಮತ್ತೆ ಶುರುವಾದಾಗ, ಕೂಗಿದ್ದವರು ಇನ್ನೂ ನಿಂತೇ ಇದ್ದರು. ಡ್ರಮ್ಸ್ ಬರಬೇಕಿದ್ದ ಕಡೆ ಅವರು ಮುಂದಿನ ಕುರ್ಚಿಯ ಬೆನ್ನಿಗೆ ಅಂಗೈಯಿಂದ ಬಡಿಯತೊಡಗಿದರು. ಪ್ರತಿ ಪೆಟ್ಟೂ ಅವರಿಗೆ ಬಾಯಿಪಾಠವಾಗಿತ್ತು. ನಾನೂ ಚಪ್ಪಾಳೆ ಸೇರಿಸಿದೆ. ನೋಡನೋಡುತ್ತಿದ್ದಂತೆ ಇಡೀ ಸಭಾಂಗಣ ತಾಳ ಹಾಕತೊಡಗಿತು. ಹುರುಪಿನಲ್ಲಿ ನಮ್ಮ ತಾಳ ಹಾಡಿಗಿಂತ ಮುಂದೆ ಓಡತೊಡಗಿದಾಗ ಡ್ರಮ್ಮರ್ ನಗುತ್ತಾ ಎಡಗೈ ಎತ್ತಿ, ಸ್ವಲ್ಪ ನಿಧಾನ ಎಂದು ಸನ್ನೆ ಮಾಡಿದರು. ನಾವೆಲ್ಲ ಅವರ ಕೈಯನ್ನೇ ನೋಡುತ್ತಾ ನಿಧಾನಿಸಿದೆವು.

ಆ ಹಾಡಿನ ಹಳೆಯ ರೆಕಾರ್ಡಿಂಗ್ ಈಗಲೂ ನನ್ನ ಫೋನಿನಲ್ಲಿದೆ. ಆದರೆ ದೊಮ್ಮಲೂರಿನ ಸಿಗ್ನಲ್ಲಿನಲ್ಲಿ ಕಾಯುವಾಗ ನನ್ನ ಬೆರಳುಗಳು ಸ್ಟೇರಿಂಗ್ ಮೇಲೆ ಬಡಿಯುವುದು ಅವರು ಎಡಗೈಯಲ್ಲಿ ಕಲಿಸಿದ ತಾಳವನ್ನೇ.